ಓಗೊಡದ ಬಾಮೈದ

“ಗುರುಗಳೇ, ದೇವರು ಒಳ್ಳೆಯವನು ಎಂದು ಪ್ರತಿ ಭಾನುವಾರ ಚರ್ಚಿನಲ್ಲಿ ಬೋಧಿಸುತ್ತೇನೆ. ಮನೆಯಲ್ಲಿ ಹೆಂಡತಿ ಏಳು ತಿಂಗಳಿಂದ ಹಾಸಿಗೆ ಹಿಡಿದಿದ್ದಾಳೆ. ಮೊಣಕಾಲೂರಿ ಬೇಡಿದ್ದೇನೆ, ಅತ್ತಿದ್ದೇನೆ, ಉಪವಾಸ ಮಾಡಿದ್ದೇನೆ. ಮೇಲಿನಿಂದ ಒಂದು ಮಾತೂ ಬಂದಿಲ್ಲ. ಅಲ್ಲಿ ನಮ್ಮನ್ನು ಕಾಯುವವನಿದ್ದಾನೆ ಎಂದು ಹೇಗೆ ನಂಬಲಿ? ಇದಕ್ಕೆ ಉತ್ತರ ಸಿಗದೆ ನಾನು ಇನ್ನು ಬೋಧಿಸುವುದಿಲ್ಲ,” ಎಂದು ಸತ್ಯಮಿತ್ರ ಖಡಾಖಂಡಿತವಾಗಿ ಹೇಳಿದ.

ಅವನಿಗೆ ಬೋಧನೆ ಕಲಿಸಿದವರು ಸಮಾಧಾನಪ್ಪ ಉಪದೇಶಿಗಳು. ಹೆಸರಿನಲ್ಲಿ ಇದ್ದಷ್ಟು ಸಮಾಧಾನ ಅವರ ನಾಲಗೆಯಲ್ಲಿ ಇರಲಿಲ್ಲ. “ಹಟ ಮಾಡುವುದಾದರೆ ಕುಳಿತು ಮಾಡು, ಮಾರಾಯ,” ಎಂದು ಬೆಂಚು ತೋರಿಸಿ ಕತೆ ಹೇಳತೊಡಗಿದರು.

ಒಬ್ಬ ಜೇನು ಕೀಳುವವನಿದ್ದ. ಹೆಜ್ಜೇನು ಕಟ್ಟುವುದು ಕಡಿದಾದ ಬಂಡೆಗೆ. ಅದನ್ನು ಕೀಳಬೇಕಾದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿನಿಂದ ಇಳಿಯಬೇಕು. ಆ ಹಗ್ಗವನ್ನು ಜೇನು ಕೀಳುವವರು ಕಂಡಕಂಡವರ ಕೈಗೆ ಕೊಡುವುದಿಲ್ಲ. ಒಡಹುಟ್ಟಿದ ಅಣ್ಣನಿಗೂ ಕೊಡುವುದಿಲ್ಲ. ಹೆಂಡತಿಯ ತಮ್ಮನಿಗೇ ಕೊಡುತ್ತಾರೆ. ಅಕ್ಕ ವಿಧವೆಯಾಗಲಿ ಎಂದು ಯಾವ ತಮ್ಮ ಬಯಸುತ್ತಾನೆ, ಹೇಳು! ಇನ್ನೊಂದು ಕಟ್ಟಳೆಯೂ ಉಂಟು. ಹಗ್ಗ ಹಿಡಿದವನು ಮಾತಾಡಕೂಡದು. ಬಾಯಿ ತೆರೆದರೆ ಬಿಗಿಹಿಡಿದ ಉಸಿರು ಸಡಿಲುತ್ತದೆ, ಉಸಿರಿನ ಜೊತೆಗೆ ಕೈಯೂ ಸಡಿಲುತ್ತದೆ.

ಜೇನು ಕೀಳುವವನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಆದರೆ ಭಯ ಬಂದಾಗ ಗೊತ್ತಿದ್ದದ್ದು ಎಲ್ಲಿ ನೆನಪಿಗೆ ಬರುತ್ತದೆ! ಆ ದಿನ ಅವನು ಹೊಗೆ ಹಾಕಿದಾಗ ಗಾಳಿ ತಿರುಗಿತು. ಹುಳುಗಳೆಲ್ಲ ಎದ್ದು ಬಂಡೆಯ ಮೇಲಕ್ಕೆ ಹಾರಿದವು. “ಏಯ್, ಇದ್ದೀಯೇನೋ?” ಎಂದು ಅವನು ಮೇಲೆ ಹಗ್ಗ ಹಿಡಿದಿದ್ದ ಬಾಮೈದನನ್ನು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ, ಬೈದ, ಅಂಗಲಾಚಿದ. ಉತ್ತರವಿಲ್ಲ.

ಬಾಮೈದ ಹುಳುಗಳಿಗೆ ಹೆದರಿ, ಹಗ್ಗವನ್ನು ಯಾವುದೋ ಪೊದೆಗೆ ಸಿಕ್ಕಿಸಿ ಓಡಿಹೋಗಿದ್ದಾನೆ ಎಂದೇ ಅವನು ತೀರ್ಮಾನಿಸಿದ. ಬಂಡೆಯ ಬಿರುಕಿನಲ್ಲಿ ಒಂದು ಬೇರು ಕಾಣಿಸಿತು. ಇನ್ನು ನನ್ನ ಜೀವ ನನ್ನ ಕೈಯಲ್ಲೇ, ಹಗ್ಗ ಬಿಟ್ಟು ಹತ್ತಿಹೋಗುತ್ತೇನೆ ಎಂದುಕೊಂಡು ಒಂದು ಕೈಯಲ್ಲಿ ಬೇರು ಹಿಡಿದ, ಇನ್ನೊಂದರಲ್ಲಿ ಸೊಂಟದ ಗಂಟು ಬಿಚ್ಚಲು ಹೊರಟ. ಅಯ್ಯೋ, ಎಂಥ ಬುದ್ಧಿ! ಗಂಟು ಬಿಚ್ಚುವ ಮೊದಲೇ ಬೇರು ಕಿತ್ತು ಬಂತು. ಅವನು ಬಿದ್ದ.

ಒಂದು ಮೊಳ ಬಿದ್ದಿರಬೇಕು, ಅಷ್ಟೆ. ಹಗ್ಗ ಬಿಗಿಯಿತು. ಆಮೇಲೆ ಅದು ಗೇಣು ಗೇಣಾಗಿ ಅವನನ್ನು ಮೇಲಕ್ಕೆ ಎಳೆಯಿತು.

ಮೇಲೆ ಬಾಮೈದ ಮರಕ್ಕೆ ಕಾಲು ಕೊಟ್ಟು ಕುಳಿತಿದ್ದ. ಮುಖವೆಲ್ಲ ಊದಿ ಕಣ್ಣು ಮುಚ್ಚಿಹೋಗಿತ್ತು. ಒಂದು ಹುಳುವನ್ನೂ ಅವನು ಓಡಿಸಿರಲಿಲ್ಲ. ಓಡಿಸಲು ಕೈ ಬಿಡಬೇಕಲ್ಲ?

“ಅಷ್ಟು ಕೂಗಿದೆನಲ್ಲೋ, ಒಂದು ಸಲ ಓ ಅನ್ನಬಾರದಿತ್ತೇ?” ಎಂದು ಜೇನು ಕೀಳುವವನು ಅತ್ತುಬಿಟ್ಟ.

“ಕೇಳಿಸಿತು ಭಾವ, ಪ್ರತಿಯೊಂದು ಸಲವೂ ಕೇಳಿಸಿತು,” ಎಂದು ಬಾಮೈದ ಹಗ್ಗ ಬಿಟ್ಟು ಕೈ ತೆರೆದ. ಎರಡೂ ಅಂಗೈಗಳ ಚರ್ಮ ಹಗ್ಗಕ್ಕೆ ಅಂಟಿ ಕಿತ್ತುಹೋಗಿತ್ತು.

ಕತೆ ಮುಗಿಸಿ ಉಪದೇಶಿಗಳು ಸತ್ಯಮಿತ್ರನ ಮುಖವನ್ನೇ ನೋಡಿದರು.

“ಶಿಲುಬೆಯ ಮೇಲೆ ತೆರೆದ ಅಂಗೈಗಳನ್ನು ನೀನೂ ನೋಡಿದ್ದೀಯಲ್ಲಪ್ಪಾ, ಇನ್ನು ಯಾವ ಮಾತಿಗೆ ಕಾಯುತ್ತಿದ್ದೀಯ?”