ಜಾಲಿಮರಕ್ಕೆ ಬಂದ ಹಸಿರು ಚೀಲ

ಆಫ್ರಿಕಾದ ಒಂದು ನಾಡು ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. ಅಲ್ಲಿಂದ ಗಾಳಿಗೆ ಹಾರಿ ಗಡಿ ದಾಟಿದ ಹಸಿರು ಚೀಲವೊಂದು ಜಾಲಿಮರದ ಮುಳ್ಳಿಗೆ ಸಿಕ್ಕಿಕೊಂಡಿತು. ಆ ಮರದಲ್ಲಿ ಗೀಜಗವೊಂದು ತನ್ನ ಗೂಡನ್ನು ತಾನೇ ಕಿತ್ತು ಹಾಕುತ್ತಿತ್ತು. ಹುಲ್ಲಿನ ಹಸಿರು ಮಾಸಿದರೆ ಹೆಣ್ಣು ಒಳಗೆ ಕಾಲಿಡುವುದಿಲ್ಲ. ಗಂಡು ಮತ್ತೆ ಹೊಸದಾಗಿ ಹೆಣೆಯಬೇಕು. ಅದು ಆ ಕುಲದ ರೂಢಿ.

"ಗಡಿಯಲ್ಲಿ ಪ್ರಯಾಣಿಕರ ಗಂಟುಮೂಟೆಯೆಲ್ಲ ಬಿಚ್ಚಿಸಿ, ಹುಡುಕಿ ಹುಡುಕಿ ನನ್ನನ್ನು ಹೊರಗೆ ಹಾಕಿದರು. ನಿನ್ನ ಗೂಡಿನಲ್ಲಿ ಜಾಗ ಕೊಡು," ಎಂದಿತು ಚೀಲ. "ನಾನು ಮಾಸುವುದಿಲ್ಲ, ಕೊಳೆಯುವುದಿಲ್ಲ. ಹಿಡಿದದ್ದನ್ನು ಬಿಡುವುದಿಲ್ಲ."

"ನಿನ್ನಂಥವನನ್ನು ಓಡಿಸಿದ್ದಾರಲ್ಲ, ಅದೆಂಥ ನಾಡಪ್ಪ!" ಎಂದು ಮರುಗಿದ ಗೀಜಗ ಚೀಲವನ್ನು ಎಳೆ ಎಳೆಯಾಗಿ ಸೀಳಿ, ಹುಲ್ಲಿನ ಜೊತೆ ಸೇರಿಸಿ ಗೂಡು ಹೆಣೆಯಿತು. ಹೆಣ್ಣು ಜಗ್ಗಿ ನೋಡಿ ಒಪ್ಪಿತು. ಮೊಟ್ಟೆಯೊಡೆದು ಮರಿಗಳಾದವು.

ರೆಕ್ಕೆ ಬಲಿತ ದಿನ ಹಿರಿಯ ಮರಿ ಹಾರಿತು. ಕಿರಿಯದರ ಕಾಲಿಗೆ ಹಸಿರು ಎಳೆ ಬಿಗಿದಿತ್ತು. ಗೀಜಗ ಕೊಕ್ಕಿನಲ್ಲಿ ರಕ್ತ ಬರುವವರೆಗೆ ಜಗ್ಗಿತು, ಎಳೆ ಹರಿಯಲಿಲ್ಲ.

"ಬಿಟ್ಟುಬಿಡಪ್ಪ, ನನ್ನ ಮಗು ಸಾಯುತ್ತದೆ!"

"ಬಿಡುವುದು ನನಗೆ ಗೊತ್ತಿಲ್ಲ," ಎಂದಿತು ಚೀಲ. "ಬಂದ ದಿನವೇ ಹೇಳಿದ್ದೆನಲ್ಲ."

ಮುಂದಿನ ಮಳೆಗೆ ಗೂಡಿನ ಹುಲ್ಲೆಲ್ಲ ಕೊಳೆತು ಉದುರಿತು. ಎಳೆ ಮಾತ್ರ ಹಸಿರಾಗಿಯೇ ಇತ್ತು, ಆ ಪುಟ್ಟ ಕಾಲನ್ನು ಹಿಡಿದುಕೊಂಡು.