ಕಡೀಕ ಬೀಸಿದ ಜ್ವಾಳ

ಮೊದಲ ಆಣಿ ಮಾಡು ಕಸ್ತೂರಿ. ಆ ಉಪ್ಪಿನ ಡಬ್ಬಿ ಮ್ಯಾಲ ಕೈ ಇಡು. ನಾ ಹೇಳೂ ಮಾತು ಈ ಅಡಗಿಮನಿ ದಾಟಬಾರದು. ನಿನ್ನ ಗಂಡನ ಮುಂದ ಬ್ಯಾಡ, ನಿನ್ನ ತಂಗಿ ಮುಂದ ಫೋನಿನ್ಯಾಗೂ ಬ್ಯಾಡ. ಆಕಿಗೆ ಹೇಳೂದೂ ಒಂದ, ಊರಾಗ ಡಂಗುರಾ ಹೊಡಸೂದೂ ಒಂದ. ಕೈ ಇಟ್ಟೀ? ಛಲೋ ಆತು.

ಈಗ ನೀ ಏನ ಕೇಳಿದಿ? "ನೀಲಕ್ಕಾ, ನನ್ನ ಸೊಸಿ ಬಂದು ಆರ ತಿಂಗಳಾತು. ಗೋಧಿ ತಿಂದ್ರ ಹೊಟ್ಟಿ ನೋಯ್ತೈತಿ ಅಂತಾಳ. ಡಾಕ್ಟರ ಕಾಗದ ತೋರಸ್ತಾಳ. ಖರೇನೋ ನಾಟಕಾನೋ ನೋಡಾಕ, ನಾಳೆ ರೊಟ್ಟಿ ಹಿಟ್ಟಿನಾಗ ಒಂದ ಮುಷ್ಟಿ ಗೋಧಿ ಹಿಟ್ಟು ಗೊತ್ತಾಗಲಾರದಂಗ ಕಲಸಿ ಹಾಕ್ಲೇನು?" ಹಿಂಗ ಕೇಳಿದಿ ಹೌದಲ್ಲ.

ಹಾಕು ಅಂತ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ನಾ ಡಾಕ್ಟರಲ್ಲ. ಒಂದ ಕತಿ ಹೇಳ್ತೀನಿ. ಹೆಸರ ಕೇಳಬ್ಯಾಡ, ಊರೂ ಕೇಳಬ್ಯಾಡ.

ಒಬ್ಬ ಗಿರಣ್ಯಾವ ಇದ್ದ. ಹಿಟ್ಟಿನ ಗಿರಣಿ ಅವಂದು. ನ್ಯಾಯವಂತ ಮನಷ್ಯಾ. ಅವನ ಗಿರಣ್ಯಾಗ ಬೀಸಿಸಿದ ಹಿಟ್ಟು ಕಡಿಮಿ ಬಂತು ಅಂತ ಒಬ್ಬರೂ ಅಂದಿಲ್ಲ.

ಗಿರಣಿ ಕಲ್ಲಿಗೂ ಒಂದ ಹೊಟ್ಟಿ ಇರತೈತಿ, ನಿನಗ ಗೊತ್ತೈತಿ. ಯಾವ ಕಾಳ ಹಾಕಿದ್ರೂ ಅದರಾಗಿಂದು ಒಂದೀಟು ಒಳಗ ಇಟ್ಕೊಂತೈತಿ. ಮುಂದಿನ ಪಾಳಿಯಾಕಿ ಡಬ್ಬಿಗೆ ಅದನ್ನ ಉಗುಳತೈತಿ. ಅದಕ್ಕ ಗೋಧಿ ತಂದಾಕಿ ಜ್ವಾಳದ ಹಿಂದ ಪಾಳಿ ಹಚ್ಚಾಕ ಒಲ್ಲೆ ಅಂತಾಳ, ಚಪಾತಿ ಹರಿತಾವು ಅಂತ. ಜ್ವಾಳ ತಂದಾಕಿ ಗೋಧಿ ಹಿಂದ ಬಂದ್ರ ಬಾಯಿ ಬಿಡಂಗಿಲ್ಲ. ಹಿಟ್ಟಿಗೆ ಜಿಗಿ ಬರತೈತಿ, ರೊಟ್ಟಿ ಛಲೋ ಬಡಿಯಾಕ ಬರತೈತಿ, ಅದೂ ಪುಕ್ಕಟ. ನಾವೆಲ್ಲಾ ಹಂಗ ಮಾಡಿದಾವರ.

ಆ ಗಿರಣ್ಯಾವ ಒಂದ ಪದ್ಧತಿ ಇಟ್ಕೊಂಡಿದ್ದ. ಅವರಪ್ಪ ಕಲಿಸಿದ್ದು. ಮುಂಜಾನೆ ಮಂದಿ ಜ್ವಾಳ. ಮಧ್ಯಾನ್ನದ ಮ್ಯಾಲ ಮಂದಿ ಗೋಧಿ. ಎಲ್ಲಾರದೂ ಮುಗದ ಮ್ಯಾಲ, ಕಡೀಕ, ತನ್ನ ಮನಿ ಜ್ವಾಳ. ಕಲ್ಲಿನಾಗ ಉಳದದ್ದು ಏನೈತಿ ಅದು ನನ್ನ ಡಬ್ಬಿಗೆ ಬೀಳ್ಲಿ, ನಾಳೆ ಬರಾವರಿಗೆ ಚೊಕ್ಕ ಹಿಟ್ಟ ಸಿಗ್ಲಿ ಅಂತಿದ್ದ. ಮಂದಿ ಅವಗ ಕೈ ಮುಗೀತಿದ್ರು.

ಆ ಮನಿಗೆ ಒಬ್ಬ ಸೊಸಿ ಬಂದ್ಲು. ಬರೂಮುಂದ ಗಟ್ಟಿಮುಟ್ಟ ಇದ್ಲು. ಎರಡ ವರ್ಷದಾಗ ಕಡ್ಡಿ ಆದ್ಲು. ಉಂಡದ್ದು ಮೈಗೆ ಹತ್ತವಲ್ದು. ಹೊಟ್ಟಿ ಉಬ್ಬತಿತ್ತು, ಕೂದಲ ಉದರತಿತ್ತು. ದಿನಕ್ಕ ನಾಕ ಸಲ ಹಿತ್ತಲಕ್ಕ ಓಡತಿದ್ಲು. ಗಂಡ ಶಹರದ ದೊಡ್ಡ ದವಾಖಾನಿಗೆ ಕರಕೊಂಡ ಹೋದ. ರಕ್ತ ತಗದ್ರು. ನಳಗಿ ಹಾಕಿ ಕರಳು ನೋಡಿದ್ರು. ಗೋಧಿ ಬ್ಯಾಡ, ರವಾ ಬ್ಯಾಡ, ಮೈದಾ ಬ್ಯಾಡ, ಜೀವ ಇರೂತನಾ ಬ್ಯಾಡ ಅಂತ ಬರದ ಕೊಟ್ರು.

ಆ ಕಾಗದ ನೋಡಿ ಅತ್ತಿಗೆ ಸಿಟ್ಟ ಬರಲಿಲ್ಲ, ನಾಚಿಕಿ ಬಂತು. ಗಿರಣಿ ಮನಿ ಸೊಸಿಗೆ ಹಿಟ್ಟ ಆಗಂಗಿಲ್ಲ ಅಂದ್ರ ಮಂದಿ ಏನಂದಾರು. ಬಟ್ಟಿ ಅಂಗಡ್ಯಾವನ ಹೇಣತಿ ಬಟ್ಟಿ ಉಡಂಗಿಲ್ಲ ಅಂದಂಗ ಆತು.

ಮಂದಿ ಅಂದ್ರು. ಒಬ್ಬಾಕಿ, "ನಮ್ಮ ಮುತ್ಯಾ ಗೋಧಿ ಹುಗ್ಗಿ ಬೋಗೋಣಿಗಟ್ಟಲೆ ಉಂಡು ತೊಂಬತ್ತ ವರ್ಷ ಬಾಳಿದ. ಅವಗ ಬರಲಾರದ ಜಡ್ಡು ಈಕಿಗೆ ಎಲ್ಲಿಂದ ಬಂತವಾ?" ಅಂದ್ಲು. ಇನ್ನೊಬ್ಬಾಕಿ, "ಚಪಾತಿ ಲಟ್ಟಸಾಕ ಬ್ಯಾಸರ. ಅದಕ್ಕ ಈ ಸೋಗು," ಅಂದ್ಲು. ನಾ ಆಗ ಆ ಓಣ್ಯಾಗ ಇದ್ದೆ. ನಾನೂ ಅಂದೀನಿ. "ಟೀವ್ಯಾಗಿಂದ ಬಂದ ಜಡ್ಡು, ಟೀವಿ ಆರಿಸಿದ್ರ ಹೋಗತೈತಿ," ಅಂದೆ. ನಳದ ಮುಂದ ನಿಂತಾವರೆಲ್ಲಾ ನಕ್ರು. ಅವತ್ತ ನನಗ ಭಾಳ ಹಿಗ್ಗಾಗಿತ್ತು. ಸುಳ್ಳ ಯಾಕ ಹೇಳ್ಲಿ.

ಅದ ಹೊತ್ತಿನ್ಯಾಗ ಆ ಊರ ಒಬ್ಬ ಸಾವಕಾರ್ತಿ ಗೋಧಿ ಬಿಟ್ಟಿದ್ಲು. ತೆಳ್ಳಗ ಆಗಾಕ. ಆಕಿಗೆ ಜಡ್ಡೂ ಇಲ್ಲ, ಜಾಪತ್ರೀನೂ ಇಲ್ಲ. ಹೋದಲ್ಲಿ ಬಂದಲ್ಲಿ "ನಾ ಗೋಧಿ ಮುಟ್ಟಂಗಿಲ್ರೀ" ಅಂತ ಹೇಳ್ಕೊಂಡ ತಿರಗತಿದ್ಲು. ಹನ್ನೊಂದನೇ ದಿನಕ್ಕ ಒಂದ ಮದಿವ್ಯಾಗ ಕೂತು ಆರ ಹೋಳಿಗಿ ಹೊಡದ್ಲು. ಪಂಕ್ತ್ಯಾಗ ಕೂತಾವರೆಲ್ಲಾ ಎಣಿಸಿದ್ರು. ಆಕಿಗೇನೂ ಆಗಲಿಲ್ಲ. ಯಾಕ ಆಗತೈತಿ? ಹೋಳಿಗಿ ತಿಂದಾಕಿ ಆಕಿ, ಮಾತ ಬಂದದ್ದು ಗಿರಣಿ ಸೊಸಿ ಮ್ಯಾಲ. "ನೋಡ್ರಿ, ಎಲ್ಲಾ ಒಂದ ಥರದಾವ," ಅಂದ್ರು.

ಆ ಅತ್ತಿ ಕೆಟ್ಟಾಕಿ ಅಲ್ಲ ಕಸ್ತೂರಿ. ನಿನ್ನಂಗ. ನ್ಯಾಯದ ಪರೀಕ್ಷಾ ಆಗ್ಲಿ ಅಂದ್ಲು. "ಒಂದ ತಿಂಗಳ ಬರೇ ಜ್ವಾಳದ ರೊಟ್ಟಿ ತಿನ್ನು. ಮನ್ಯಾಗ ಗೋಧಿ ಡಬ್ಬಿ ತಗ್ಯಂಗಿಲ್ಲ, ನಾವೂ ತಿನ್ನಂಗಿಲ್ಲ. ತಿಂಗಳಿಗೆ ಕಡಿಮಿ ಆತಂದ್ರ ನಿನ್ನ ಮಾತ ಖರೆ. ಆಗಲಿಲ್ಲಂದ್ರ ಈ ಸುದ್ದಿ ಮತ್ತ ತಗೀಬ್ಯಾಡ." ಸೊಸಿ ಹೂಂ ಅಂದ್ಲು.

ತಿಂಗಳಪೂರ್ತಿ ಆ ಮನ್ಯಾಗ ಚಪಾತಿ ಇಲ್ಲ, ಉಪ್ಪಿಟ್ಟಿಲ್ಲ, ಶಾವಿಗಿ ಇಲ್ಲ. ಮಾವ ದಿನಾ ಸಂಜಿಮುಂದ ಮನಿ ಜ್ವಾಳ ಬೀಸಿ, ಬಿಸಿ ಹಿಟ್ಟಿನ ಡಬ್ಬಿ ತಾನ ಹೊತ್ಕೊಂಡ ಬರತಿದ್ದ. ಸೊಸಿಗಂತ. ಪಾಪ, ಮನಸ್ಸಿಟ್ಟು ತರತಿದ್ದ.

ತಿಂಗಳಾತು. ಹೊಟ್ಟಿ ಬ್ಯಾನಿ ಹೋಗಲಿಲ್ಲ.

ಅತ್ತಿ ಬೈಲಿಲ್ಲ. ಬೈದಿದ್ರ ಛಲೋ ಇತ್ತೇನೋ. "ನೋಡವಾ, ನಾನು ಕೊಟ್ಟ ಮಾತ ನಡಿಸಿಕೊಟ್ಟೀನಿ. ಇನ್ನ ನೀನು ನಡಿಸಿಕೊಡು," ಅಂದ್ಲು. ಮರುದಿನ ಮುಂಜಾನೆ ಉಪ್ಪಿಟ್ಟು ಮಾಡಿದ್ಲು. ಸೊಸಿ ತಾಟ ಹಿಡಕೊಂಡು ಕೂತ್ಲು. ಉಂಡ್ಲು.

ಅವತ್ತಿಂದ ಆಕಿ ಹೊಟ್ಟಿ ನೋಯ್ತೈತಿ ಅನ್ನೂದು ಬಿಟ್ಲು. ಒಂದ ದಿನ ಅನ್ನಲಿಲ್ಲ, ಎರಡ ದಿನ ಅನ್ನಲಿಲ್ಲ. ವಾರಾತು. "ಗುಣ ಆತು ನೋಡ್ರಿ, ಮನಸ್ಸಿನ ಜಡ್ಡಿಗೆ ಉಪ್ಪಿಟ್ಟ ಔಷಧ," ಅಂತ ನಾವು ನಳದ ಮುಂದ ಮಾತಾಡಿದ್ವಿ. ಅತ್ತಿನೂ ನಕ್ಲು. ಸೊಸಿ ಅಲ್ಲೇ ಕೊಡಾ ತುಂಬಾಕತ್ತಿದ್ಲು. ಆಕಿನೂ ನಕ್ಕಂಗ ಮಾಡಿದ್ಲು.

ಮೂರ ತಿಂಗಳಿಗೆ ಅದ ನಳದ ಮುಂದ ಕೊಡಾ ಸಮೇತ ಬಿದ್ಲು. ಮೈಯಾಗ ರಕ್ತ ಇರಲಿಲ್ಲ. ಅಣ್ಣ ಬಂದು ತವರಮನಿಗೆ ಕರಕೊಂಡ ಹೋದ. ಗಾಡ್ಯಾಗ ಕೂಡಸೂಮುಂದ ನಾನೂ ಒಂದ ಕೈ ಹಿಡದಿದ್ದೆ. ಹತ್ತಿ ಚೀಲ ಎತ್ತಿದಂಗ ಆತು.

ಆಕಿ ಹೋದ ಇಪ್ಪತ್ತ ದಿನಕ್ಕ, ಮಧ್ಯಾನ್ನದ ಗೋಧಿ ಪಾಳಿ ನಡದಾಗ, ಒಬ್ಬ ಮುದುಕಿ ಗಿರಣಿಗೆ ಬಂದ್ಲು. ಕೈಯಾಗ ಸಣ್ಣ ಗಂಟು, ಅದರಾಗ ರಾಜಗಿರಿ. ಉಪವಾಸದ ಹಿಟ್ಟು.

"ತಮ್ಮಾ, ನಂದು ವ್ರತ ಐತಿ. ನಿನ್ನ ಕಲ್ಲಿನಾಗ ಬ್ಯಾರೆ ಕಾಳಿನ ಹಿಟ್ಟಿದ್ರ ನಂಗ ನಡಿಯಂಗಿಲ್ಲ. ಕಲ್ಲ ಬಿಚ್ಚಿ ಒರಸಿ ಬೀಸಿ ಕೊಡು," ಅಂದ್ಲು.

"ಒಂದ ಚೂರು ಬಿದ್ರ ಏನಾಗತೈತಬೇ?" ಅಂದ ಗಿರಣ್ಯಾವ.

"ಚೂರಾದ್ರೂ ಬಿತ್ತೋ ಇಲ್ಲೋ? ಬಿದ್ದ ಮ್ಯಾಲ ವ್ರತ ಮುರೀತು."

ವ್ರತ ಅಂದ ಮ್ಯಾಲ ಯಾರ ಎದರ ಮಾತಾಡ್ತಾರ? ಕಾಗದ ತೋರಸು ಅಂತ ಯಾರೂ ಕೇಳಂಗಿಲ್ಲ. ತಿಂಗಳ ಪರೀಕ್ಷಾ ಯಾರೂ ಇಡಂಗಿಲ್ಲ. ಗಿರಣ್ಯಾವ ಮೋಟಾರಿನ ಪಟ್ಟಾ ತಗದ, ಮ್ಯಾಲಿನ ಕಲ್ಲ ಎತ್ತಿ ಇಟ್ಟ. ಒಳಗ ಕೈ ಹಾಕಿ ಬಳದ. ಬೊಗಸಿ ತುಂಬ ಬಂತು. ಬಿಳೀ ಹಿಟ್ಟು, ನುಣ್ಣಂದು. ಬೆರಳಿನಾಗ ತಿಕ್ಕಿ ನೋಡಿದ. ಮೂವತ್ತ ವರ್ಷ ಹಿಟ್ಟ ಮುಟ್ಟಿದ ಕೈ, ಕೇಳಬೇಕೇನು? ಗೋಧಿ.

ಮಂದಿಗೆ ಬೀಳಬಾರದಂತ, ದಿನಾ ಸಂಜಿಗೆ, ತನ್ನ ಮನಿ ಜ್ವಾಳಕ್ಕ ತಾನ ಕೂಡಿಸಿದ ಗೋಧಿ. ಆ ಪರೀಕ್ಷಾ ನಡದ ತಿಂಗಳಿನ್ಯಾಗೂ ಒಂದ ದಿನ ತಪ್ಪಿಸಲಾರದ ಕೂಡಿಸಿದ್ದ.

ಮುದುಕಿ ಹಿಟ್ಟ ಬೀಸಿಸಿಕೊಂಡ ಹೋದ್ಲು. ಅಂವ ಗಿರಣಿ ಬಾಗಲಾ ಹಾಕಿದ. ಪಾಳಿ ಹಚ್ಚಿದ ಡಬ್ಬಿ ಹೊರಗ ಹಂಗ ಕೂತಿದ್ದುವು. ಮನಿಗೆ ಬಂದು ಹೇಣತಿ ಮುಂದ ಹೇಳಿದ. ಇಬ್ಬರೂ ಸೊಸಿ ತವರಿಗೆ ಹೋದ್ರು.

ಅಲ್ಲಿ ಆಕಿ ಅವ್ವ ಬೀಸೂಕಲ್ಲಿನಾಗ ಕೈಯಿಂದ ಜ್ವಾಳ ಬೀಸಿ ರೊಟ್ಟಿ ಮಾಡಿ ಹಾಕತಿದ್ಲು. ಸೊಸಿ ಕಟ್ಟಿ ಮ್ಯಾಲ ಕೂತಿದ್ಲು. ಮುಖದಾಗ ಬಣ್ಣ ಬಂದಿತ್ತು. ಅತ್ತಿ ಆಕಿ ಮುಂದ ಕೂತು ಅತ್ಲು. ಮಾವ ನಿಂತ ಅತ್ತ. ಅತ್ತಿ ಸೊಸಿ ಕಾಲ ಮುಟ್ಟಾಕ ಹೋದ್ಲು ಅಂತ ಮಂದಿ ಹೇಳ್ತಾರ. ಅದನ್ನ ನಾ ನೋಡಿಲ್ಲ, ಹಿಂಗಾಗಿ ಹೇಳಂಗಿಲ್ಲ.

ಕರಕೊಂಡ ಬಂದ್ರು. ಮನ್ಯಾಗ ಬ್ಯಾರೆ ಬೀಸೂಕಲ್ಲು ತಂದಿಟ್ರು. ಅತ್ತಿ ತಾನ ಕೂತು ಬೀಸತಾಳ, ರಟ್ಟಿ ನೋವ ಬಂದ್ರೂ ಬಿಡವಲ್ಲಳು. ಬ್ಯಾರೆ ಹಂಚು, ಬ್ಯಾರೆ ಪರಾತ. ಸೊಸಿ ಮೈ ಕೈ ತುಂಬಕೊಂಡ್ಲು. ಜಡ್ಡ ಹೋತು. ಕತಿ ಇಲ್ಲಿಗೆ ಮುಗೀಬೇಕಿತ್ತು, ಹೌದಲ್ಲ? ನೀ ಅದ ಹೇಳಾಕ ಬಾಯಿ ತಗದಿ. ತಡಿ.

ಒಂದ ದಿನ ಅತ್ತಿ ಗಡಗಿ ಇಳಸು ಅಂದ್ಲು. ಸೊಸಿ ಕೈ ಎತ್ತಿದ್ಲು. ಸೆರಗ ಸರೀತು. ಮೊಳಕೈಯಿಂದ ಮುಂಗೈತನಾ ಸುಟ್ಟ ಗಾಯಾ. ಬಿಸಿ ಎಣ್ಣಿ ಬಿದ್ದು ಐದ ದಿನಾಗಿತ್ತು. ಕೀವ ಆಗಿತ್ತು. ಅದ ಕೈಯಿಂದ ಐದ ದಿನ ರೊಟ್ಟಿ ಬಡದಿದ್ಲು.

"ಯಾಕ ಹೇಳಲಿಲ್ಲವಾ?" ಅಂದ್ಲು ಅತ್ತಿ.

"ಏನೂ ಇಲ್ಲರೀ," ಅಂದ್ಲು ಸೊಸಿ.

ಸಿಟ್ಟಿಲ್ಲ, ಸೆಡವಿಲ್ಲ. ಬಾಯಿ ತುಂಬ "ಅತ್ತೀ" ಅಂತ ಕರೀತಾಳ. ಹಬ್ಬಕ್ಕ ಅತ್ತಿ ತಲಿ ಹಿಕ್ಕತಾಳ. ಜ್ವರ ಬಂದ್ರ ಹೊದ್ಕೊಂಡ ಮಲಗತಾಳ, ಜ್ವರ ಅನ್ನಂಗಿಲ್ಲ. ಕಾಲಿಗೆ ಮುಳ್ಳ ನೆಟ್ರ ಕುಂಟತಾಳ, ಮುಳ್ಳ ಅನ್ನಂಗಿಲ್ಲ. ಅತ್ತಿ ದಿನಾ ಕೇಳತಾಳ, "ಏನರ ಆಗೇತೇನವಾ?" ದಿನಾ ಅದ ಮಾತು, "ಏನೂ ಇಲ್ಲರೀ." ಏಳ ವರ್ಷಾತು. ಆ ಅತ್ತಿ ಈಗ ಸೊಸಿ ಉಸರಾಡೂದು ಕೇಳ್ಕೊಂತ ಕೂಡತಾಳ. ನಡಿಯೂದು ನೋಡತಾಳ, ತಾಟಿನ್ಯಾಗ ಎಷ್ಟ ಉಳೀತು ಅಂತ ನೋಡತಾಳ. ಡಾಕ್ಟರು ಹೇಳಿದ್ದು ನಂಬತಾಳ, ಕಾಗದ ನಂಬತಾಳ. ಆದ್ರ ನೋಯ್ತೈತಿ ಅಂತ ಹೇಳಾಕಿನ ಇಲ್ಲ. ಮೊನ್ನೆ ನನ್ನ ಮುಂದ ಕೂತು, "ನೀಲವ್ವಾ, ನಂಗ ದಣವಾಗೇತಿ," ಅಂದ್ಲು. ಆಕಿ ದಣವಿನ್ಯಾಗ ನಂದೂ ಒಂದ ಪಾಲೈತಿ. ಟೀವಿ ಮಾತ ಆಡಿದಾಕಿ ನಾನ.

ಗಿರಣ್ಯಾವ ಈಗೂ ಮನಿ ಜ್ವಾಳ ಕಡೀಕ...

ಶ್. ಬಾಗಲದಾಗ ಚಪ್ಪಲಿ ಸಪ್ಪಳಾತು. ನಿನ್ನ ಸೊಸಿ ದಾಕ್ಷಾಯಿಣಿನ ಬಂದಾಳ, ನಿನ್ನ ಕರಿಯಾಕ. ಕಣ್ಣ ಒರಸ್ಕೋ. ಹೂಂ ಅನಬ್ಯಾಡ, ಊಹೂಂ ಅನಬ್ಯಾಡ, ಒಂದ ಮಾತ ಕೇಳಿ ಏಳು.

ಆಕಿ ಇನ್ನೂ ನಿನ್ನ ಮುಂದ ಬಂದು ನೋಯ್ತೈತಿ ಅಂತಾಳ ಕಸ್ತೂರಿ. ಆ ಮಾತ ನಿಂತ ಮ್ಯಾಲ ನೀ ಏನನ್ನ ಪರೀಕ್ಷಾ ಮಾಡತಿ?