ಕುಡಿದ ಬಾಯಿಯ ಮಡಿ

"ಉಸ್ತಾದರೇ, ಕುಡಿದ ಬಾಯಿಗೆ ಮಾತ್ರೆ ಹಾಕಬಹುದೇ?"

ಗರಡಿ ಮನೆಯಲ್ಲಿ ಬೆಳಗಿನ ಸಾಮು ಮುಗಿದಿತ್ತು. ಉಳಿದ ಶಿಷ್ಯರು ಮೈ ತೊಳೆಯಲು ಹೋದ ಮೇಲೆ ಕಪನಯ್ಯ ಈ ಮಾತು ಕೇಳಿದ. ಅವನ ಅಣ್ಣನಿಗೆ ಎಚ್‌ಐವಿ. ಆಸ್ಪತ್ರೆಯವರು ಕೊಟ್ಟ ಮಾತ್ರೆಯನ್ನು ದಿನಕ್ಕೊಂದರಂತೆ, ಊಟವಾದ ಮೇಲೆ, ಕಪನಯ್ಯನೇ ಅಣ್ಣನ ಅಂಗೈಗೆ ಹಾಕುತ್ತಿದ್ದ. ಆದರೆ ಅಣ್ಣ ಕುಡಿದು ಬಂದ ದಿನ ಹಾಕುತ್ತಿರಲಿಲ್ಲ. ಹೆಂಡದ ಮೇಲೆ ಮಾತ್ರೆ ಬಿದ್ದರೆ ವಿಷವಾಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಅಲ್ಲದೆ, ಜೀವ ಉಳಿಸುವ ವಸ್ತುವನ್ನು ಆ ವಾಸನೆಯ ಬಾಯಿಗೆ ಹಾಕಲು ಅವನಿಗೆ ಮನಸ್ಸೇ ಬರುತ್ತಿರಲಿಲ್ಲ. ನಿನ್ನೆ ಅಣ್ಣ ತೂರಾಡುತ್ತಲೇ ಕೈ ಚಾಚಿದ್ದ. ಇವನು ಆ ಕೈಯನ್ನು ತಳ್ಳಿಬಿಟ್ಟಿದ್ದ. ಈಚೆಗೆ ಅಣ್ಣನ ಮೈ ಇಳಿಯುತ್ತಿತ್ತು, ಅದೊಂದು ಭಯ. ಆದರೂ ಮಾಡಿದ್ದು ಸರಿ ಎಂದು ಉಸ್ತಾದ್ ಜವರಪ್ಪ ಬೆನ್ನು ತಟ್ಟುತ್ತಾರೆ ಎಂದೇ ಕಪನಯ್ಯ ನಂಬಿದ್ದ.

ಜವರಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

"ಕೂತ್ಕೊ. ಒಂದೂರಲ್ಲಿ ಒಬ್ಬ ಜಟ್ಟಿ ಇದ್ದ. ಅವನು ತೊಡೆ ತಟ್ಟಿದರೆ ಪಕ್ಕದೂರಿನ ಅಟ್ಟದ ಮೇಲಿನ ಮಡಕೆ ಉರುಳಿ ಬೀಳ್ತಿದ್ದವು. ಸುಳ್ಳಲ್ಲ, ಚೂರು ಆರಿಸಿದವನೇ ನಾನು. ಕೆರೆಯ ಕೆಸರಲ್ಲಿ ಹೂತಿದ್ದ ಗಬ್ಬದ ಎಮ್ಮೆಯನ್ನು ಬಾಲ ಹಿಡಿದು ದಡಕ್ಕೆ ಎಸೆದ ನೋಡು, ಅದು ನೆಲ ಮುಟ್ಟುವಷ್ಟರಲ್ಲಿ ಕರು ಹಾಕಿತ್ತು!"

ಬೇರೆ ದಿನವಾಗಿದ್ದರೆ ಕಪನಯ್ಯ ಬಿದ್ದು ಬಿದ್ದು ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಉಸ್ತಾದರೂ ಅದಕ್ಕೆ ಕಾಯದೆ ಕತೆ ಮುಂದುವರಿಸಿದರು.

ಆ ಜಟ್ಟಿಗೆ ಇದೇ ಕಾಯಿಲೆ ಬಂತು. ಡಾಕ್ಟರಮ್ಮ ಅವನಿಗೆ ತಿಳಿಯುವಂತೆ ಹೇಳಿದರು: "ಇದನ್ನ ಕೊಲ್ಲೋಕೆ ಆಗಲ್ಲ ಪೈಲ್ವಾನರೇ. ಕೆಳಗೆ ಹಾಕಿ ಅದುಮಿ ಇಡಬಹುದು. ಆದರೆ ದಿನಾ ಅದುಮಬೇಕು." ಕುಸ್ತಿಯವನಿಗೆ ಆ ಮಾತು ಹಿಡಿಸಿತು. ಮಾತ್ರೆಯ ಡಬ್ಬಿಯನ್ನು ಮನೆಯ ದೇವರ ಗೂಡಿನಲ್ಲಿಟ್ಟು ಕೈ ಮುಗಿದ. ಗರಡಿಯಲ್ಲಿ ಒಂದು ಕಟ್ಟಳೆ ಉಂಟು: ಕುಡಿದವನು ಅಮಲಿಳಿದು ಸ್ನಾನ ಮಾಡುವವರೆಗೆ ಕಣದ ಮಣ್ಣು ತುಳಿಯಬಾರದು. ಜಟ್ಟಿ ಅದೇ ಕಟ್ಟಳೆಯನ್ನು ಮಾತ್ರೆಗೂ ಹಾಕಿದ. ಕುಡಿದ ದಿನ ಡಬ್ಬಿ ಮುಟ್ಟುತ್ತಿರಲಿಲ್ಲ.

ಮೊದಲು ಹಬ್ಬಕ್ಕೆ ಕುಡಿಯುತ್ತಿದ್ದ. ಆಮೇಲೆ ಗೆದ್ದ ದಿನ ಕುಡಿದ. ಸೋತ ದಿನ ಕುಡಿಯದೆ ಇರಲಾಗಲಿಲ್ಲ. ಕೊನೆಗೆ ಕುಸ್ತಿಯೇ ಇಲ್ಲದ ದಿನ ಬೇಸರಕ್ಕೆ ಕುಡಿದ. ಡಬ್ಬಿಯ ಮೇಲೆ ಧೂಳು ಕೂತಿತು. ಊರವರು ಮಾತ್ರ ಹೊಗಳಿದ್ದೇ ಹೊಗಳಿದ್ದು: "ಎಷ್ಟೇ ಕುಡೀಲಿ, ಮಾತ್ರೆಗೆ ಅಪಚಾರ ಮಾಡಿದವನಲ್ಲ ಕಣಯ್ಯ."

ರಕ್ತ ಪರೀಕ್ಷೆ ನೋಡಿದ ಡಾಕ್ಟರಮ್ಮ, "ಮಾತ್ರೆ ಬಿಟ್ಟಿದ್ದೀರಾ?" ಎಂದು ಕೇಳಿದರು.

ಜಟ್ಟಿ ಎದೆ ಸೆಟೆಸಿದ. "ಎಂಥಾ ಮಾತಾಡ್ತೀರಿ ತಾಯಿ! ಕುಡಿದ ಬಾಯಲ್ಲಿ ಒಂದು ದಿನ ಮುಟ್ಟಿದ್ರೆ ನನ್ನ ಮೀಸೆ ಬೋಳಿಸಿ."

ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು. "ಅಯ್ಯೋ ಪೈಲ್ವಾನರೇ, ಕುಡಿತ ಬಿಡಿ. ಬಿಡೋಕಾಗದಿದ್ದರೆ ಕುಡಿದ ದಿನವೂ ಮಾತ್ರೆ ನುಂಗಿ. ನೀವು ಹೀಗೆ ಬಿಟ್ಟು ಬಿಟ್ಟು ಹಿಡಿದರೆ ಕೆಳಗೆ ಬಿದ್ದವನು ನಿಮ್ಮ ಪಟ್ಟು ಕಲಿತುಬಿಡ್ತಾನೆ. ಆಮೇಲೆ ಆ ಪಟ್ಟು ಅವನ ಮೇಲೆ ನಡೆಯಲ್ಲ."

ಜಟ್ಟಿ ತಲೆಯಾಡಿಸಿದ. ಮನೆಗೆ ಬಂದು ಹೆಂಡತಿಯ ಮುಂದೆ ನಕ್ಕ. "ಪಾಪ, ಓದಿದೋರು. ಮಡಿ ಗೊತ್ತಿಲ್ಲ."

ಕೆಳಗೆ ಬಿದ್ದವನು ಪಟ್ಟು ಕಲಿತ. ಜಟ್ಟಿಯ ತೊಡೆ ಜೋಲು ತೊಗಲಾಯಿತು. ಕೆಮ್ಮು ಹತ್ತಿತು. ಎಮ್ಮೆ ಎಸೆದ ಕೈಗೆ ನೀರಿನ ಲೋಟ ಭಾರವಾಯಿತು. ಒಂದು ಸಂಜೆ ಅವನಿಗೆ ಸಾವಿನ ಹೆದರಿಕೆ ಹುಟ್ಟಿತು. ಅವತ್ತೂ ಕುಡಿದಿದ್ದ.

"ಲೇ, ಆ ಡಬ್ಬಿ ತಾರೇ. ಒಂದು ಕೊಡೇ, ಬದುಕ್ಕೋತೀನಿ."

ಹೆಂಡತಿ ಅವನ ಬಾಯಿ ಮೂಸಿ ನೋಡಿದಳು. "ಇವತ್ತು ಬೇಡ ಕಣ್ರೀ. ಇಷ್ಟು ದಿನ ನಡೆಸಿದ ನೇಮ ಮುರೀಬೇಡಿ. ನಾಳೆ ನಾನೇ ತಲೆ ಮೇಲೆ ನೀರು ಹಾಕ್ತೀನಿ, ಆಮೇಲೆ ತಗೊಳ್ಳೋರಂತೆ" ಎಂದು ಸೆರಗಿನಿಂದ ಅವನ ಬಾಯಿ ಒರೆಸಿದಳು. ಮಾರನೆಯ ದಿನವೂ ಅವನು ಕುಡಿದ. ಅದರ ಮಾರನೆಯ ದಿನವೂ ಕುಡಿದ. ಅವಳು ನೀರು ಕಾಯಿಸುವುದು, ಬಾಯಿ ಮೂಸುವುದು, ಒಲೆ ಆರಿಸುವುದು. ಕೊನೆಗೂ ಅವನ ತಲೆಯ ಮೇಲೆ ನೀರು ಬಿದ್ದಾಗ ಅವನು ಹೆಣವಾಗಿದ್ದ. ಡಬ್ಬಿಯಲ್ಲಿ ಮಾತ್ರೆಗಳು ಹಾಗೇ ಇದ್ದವು, ಮಡಿಯಾಗಿ.

ಜವರಪ್ಪ ಕತೆ ನಿಲ್ಲಿಸಿದರು. ಕಪನಯ್ಯ ತಲೆಯೆತ್ತದೆ ಕಣದ ಕೆಮ್ಮಣ್ಣನ್ನು ಬೆರಳಿನಿಂದ ಕೆದಕುತ್ತಿದ್ದ.

"ಅವನನ್ನು ಕೊಂದದ್ದು ಹೆಂಡ ತಾನೇ ಉಸ್ತಾದರೇ?"

"ಹೆಂಡ ಅವನನ್ನು ಕೆಡವಿತು ಕಣೋ, ಮೇಲೇಳದ ಹಾಗೆ ಬೆನ್ನನ್ನು ನೆಲಕ್ಕೆ ಒತ್ತಿ ಹಿಡಿದದ್ದು ಅವನ ಮೇಲೆ ಜೀವ ಇಟ್ಟವರ ಕೈ."